ಮಗಳ ಎಡ ಮೊಣಕಾಲು

ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೈ ಸವೆಸಿದ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪ್ಲಾಸ್ಟರಣ್ಣ ಎಂದೇ. ಬ್ಯಾಂಡೇಜಿನ ಸುರುಳಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಹಿಂಡಿ, ಮುರಿದ ಕೈಗೋ ಕಾಲಿಗೋ ಸುತ್ತುವ ಕೆಲಸ. ಅದರಲ್ಲಿ ಅವನದು ಎತ್ತಿದ ಕೈ. ಉಗುರಿನ ಸಂದಿಯ ಬಿಳಿ ಪುಡಿ ಮಾತ್ರ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ.

ಆದರೆ ಅವನು ಹೆಸರುವಾಸಿಯಾದದ್ದು ಬೇರೆ ವಿದ್ಯೆಗೆ. ಊಟದ ಹೊತ್ತಿನಲ್ಲಿ ಸಿಬ್ಬಂದಿ ಕೋಣೆಯ ಟಿವಿಯಲ್ಲಿ ಯಾವನಾದರೂ ಆಟಗಾರ ಕಾಲು ಹಿಡಿದುಕೊಂಡು ಬಿದ್ದನೆಂದರೆ ಎಲ್ಲರ ಮುಖ ಇವನ ಕಡೆ ತಿರುಗುತ್ತಿತ್ತು. ನರ್ಸಮ್ಮ ಕೈಯಿಂದ ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಿಂದಲೇ ನೋಡುತ್ತಿದ್ದಳು. ಬಿದ್ದದ್ದನ್ನು ಎರಡನೇ ಸಲ ತೋರಿಸುವಷ್ಟರಲ್ಲಿ ಇವನು ಇಂಥ ಮೂಳೆ, ಇಷ್ಟು ವಾರ ಎಂದು ಹೇಳಿ ಮುಗಿಸಿರುತ್ತಿದ್ದ. ಸಂಜೆಯ ಸುದ್ದಿಯಲ್ಲಿ ಅದೇ ಬರುತ್ತಿತ್ತು. ಹೆಂಡತಿ ಸತ್ತ ಮೇಲೆ ಅವನ ಒಂದು ಮಾತಿಗೆ ನಾಲ್ಕು ಜನ ಕಾಯುತ್ತಿದ್ದದ್ದು ಆ ಗಳಿಗೆಯಲ್ಲಿ ಮಾತ್ರ. ಪಾಪ, ರುಚಿ ಹತ್ತಿತು.

ಮನೆಯಲ್ಲೂ ಅದೇ ಚಾಳಿ. ಒಂದು ಕೋಣೆ, ಒಂದು ಕುರ್ಚಿ, ಕೈಯಲ್ಲಿ ಫೋನು. ಆಟಗಾರರು ಬೀಳುವ ವಿಡಿಯೊ ನೋಡಿ ಒಮ್ಮೆ ಮುಖ ತಿರುಗಿಸಿದರೂ ಬೆರಳು ಸುಮ್ಮನಿರುತ್ತಿರಲಿಲ್ಲ, ಹಿಂದಕ್ಕೆಳೆದು ಮತ್ತೊಮ್ಮೆ ನಿಧಾನವಾಗಿ ತೋರಿಸುತ್ತಿತ್ತು. ದಿನವಿಡೀ ಮುರಿದದ್ದನ್ನು ಕಾಣುತ್ತೇನೆ, ಮುರಿಯುವ ಗಳಿಗೆ ಕಂಡಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಕೇಳುವವನೂ ತಾನೇ, ನಂಬಬೇಕಲ್ಲ.

ಅವನಿಗಿದ್ದವಳು ಒಬ್ಬಳೇ ಮಗಳು. ಬೇರೆ ಊರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಕಾಲೇಜಿನ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದಳು. ಒಂದು ಸಲ ಅವಳ ಆಟ ನೋಡಲು ಹೋಗಿ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಅವಳು ಗಕ್ಕನೆ ತಿರುಗಿದಾಗ ಎಡಗಾಲು ನೆಲಕ್ಕೆ ಕಚ್ಚಿಕೊಂಡಿತು. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಎಲ್ಲರೂ ಎದ್ದು ನಿಂತರು, ಇವನೂ ಎದ್ದ. ಎದ್ದವನು ಓಡಲಿಲ್ಲ. ಅಭ್ಯಾಸಬಲ, ಪಕ್ಕದವರ ಕಡೆ ತಿರುಗಿ, "ಲಿಗಮೆಂಟು ಹರೀತು. ಒಂಬತ್ತು ತಿಂಗಳು," ಎಂದುಬಿಟ್ಟ. ನೆಲದ ಮೇಲಿಂದ ಮಗಳು ತಲೆಯೆತ್ತಿ ಅಪ್ಪನನ್ನು ಹುಡುಕುತ್ತಿದ್ದಳು. ಅವಳಿಗೆ ಕಂಡದ್ದು ಸರಿಯುತ್ತರ ಹೇಳಿದವನ ಮುಖ.

ಹೇಳಿದ್ದು ಸರಿಯಾಗಿಯೇ ಇತ್ತು. ಆ ಒಂಬತ್ತು ತಿಂಗಳೂ ಅವಳು ಫೋನಿನಲ್ಲಿ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಹಾಸ್ಟೆಲ್ಲಿಗೆ ಹೋದರೆ, ಮಲಗಿದ್ದಾಳೆ ಎಂದು ಗೆಳತಿ ಬಂದು ಹೇಳುತ್ತಿದ್ದಳು. ಅವನು ಸಿಬ್ಬಂದಿ ಕೋಣೆಯ ಸಹವಾಸವೇ ಬೇಡವೆಂದು ಪ್ಲಾಸ್ಟರ್ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣತೊಡಗಿದ. ಫೋನಿನಲ್ಲಿ ನೋಡುವುದನ್ನು ಮಾತ್ರ ಬಿಡಲಾಗಲಿಲ್ಲ.

ಹತ್ತನೇ ತಿಂಗಳು ಅವಳೇ ಫೋನ್ ಮಾಡಿದಳು. ಭಾನುವಾರ ಮತ್ತೆ ಆಡುತ್ತಾಳಂತೆ, ಕಾಲು ಸರಿಹೋದ ಮೇಲೆ ಮೊದಲ ಪಂದ್ಯವಂತೆ. "ಬರೋದಾದ್ರೆ ಬಾ ಅಪ್ಪ. ನನ್ನ ಆಟ ನೋಡು, ಅಷ್ಟು ಸಾಕು," ಎಂದಳು. ಇನ್ನೊಂದು ಸಲ ಹೀಗೆ ಕರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಭಾನುವಾರ ಮೈದಾನದ ಮುಂದಿನ ಸಾಲಿನಲ್ಲಿ, ಈ ಸಲ ತುಟಿ ಬಿಗಿಹಿಡಿದು, ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಕುಳಿತ. ಅವಳು ತಿರುಗಿದಾಗ, ಹಾರಿದಾಗ, ಹಾರಿ ಇಳಿದಾಗ ಆ ಎಡ ಮೊಣಕಾಲು ಹೇಗೆ ಭಾರ ಹೊರುತ್ತದೆ ಎಂದು ತೊಂಬತ್ತು ನಿಮಿಷವೂ ಎವೆಯಿಕ್ಕದೆ ನೋಡಿದ. ಭಯಕ್ಕೋ, ಹಾಳು ಚಪಲಕ್ಕೋ, ಅವನಿಗೇ ತಿಳಿಯಲಿಲ್ಲ. ನಡುವೆ ಒಮ್ಮೆ ಜನ ಹೋ ಎಂದು ಎದ್ದರು. ಅವಳು ಬೀಳಲಿಲ್ಲವಲ್ಲ ಎಂದು ಅವನು ಉಸಿರು ಬಿಟ್ಟ.

ಆಟ ಮುಗಿದ ಮೇಲೆ ಅವಳು ಟವೆಲಿನಿಂದ ಬೆವರೊರೆಸಿಕೊಳ್ಳುತ್ತ ನೇರವಾಗಿ ಬಂದು ಅವನ ಪಕ್ಕದಲ್ಲೇ ಕುಳಿತಳು. ಮುಖದ ತುಂಬ ನಗು.

"ಅಪ್ಪ, ನನ್ನ ಗೋಲ್ ನೋಡಿದ್ಯಾ?"

"ನೋಡ್ದೆ ಇರ್ತೀನಾ? ಒಂಚೂರೂ ಅಳುಕಲಿಲ್ಲ ನೋಡು, ಎಡಗಾಲಲ್ಲೇ ಹೊಡೆದ್ಯಲ್ಲ."

ಅವಳ ನಗು ಇಳಿಯಿತು.

"ತಲೆಯಲ್ಲಿ ಹೊಡೆದೆ ಅಪ್ಪ," ಎಂದಳು. ಆಗಲೂ ಅವನ ಕಣ್ಣು ಎಲ್ಲಿದೆಯೆಂದು ನೋಡಿ, ಟವೆಲನ್ನು ಮೊಣಕಾಲಿನ ಮೇಲೆ ಹೊದಿಸಿಕೊಂಡಳು.