ಬಾಗಿಲಿನವಳ ಅಪ್ಪಣೆ

ಆ ಬೆಳಿಗ್ಗೆ ಟ್ಯಾಂಕಿನ ಬಾಯಿಯ ಬಳಿ ನಡೆದದ್ದನ್ನು ನಾನು ಈವರೆಗೆ ಮೂರು ರೀತಿಯಲ್ಲಿ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ನಾನು ಸ್ವಲ್ಪ ಹೆಚ್ಚು ಒಳ್ಳೆಯವನಾಗಿದ್ದೇನೆ, ಅದಕ್ಕೇ ನನ್ನ ನೆನಪಿನ ಮೇಲೆ ನನಗೆ ಅನುಮಾನ. ಕಣ್ಣಿಗೆ ಕಟ್ಟಿ ನಿಂತಿರುವುದು ಚಾಚಾನ ತಲೆ ಮಾತ್ರ: ಒತ್ತಾದ ಗುಂಗುರು ಕೂದಲು, ಅದರ ಮೇಲೆ ಕೂರಲು ಒಪ್ಪದ ಹಳದಿ ಹೆಲ್ಮೆಟ್, ಅದು ಬೀಳದಂತೆ ಗದ್ದದ ಕೆಳಗೆ ಕಟ್ಟಿದ ನೀಲಿ ನೈಲಾನ್ ದಾರ. ಆ ದಾರದ ಮೇಲೆ ಬೆವರಿನ ಉಪ್ಪು ಬೆಳ್ಳಗೆ ಒಣಗಿರುತ್ತಿತ್ತು.

ಸೌದಿಯ ಜಿಜಾನ್‌ನ ಒಂದು ಕಾರ್ಖಾನೆಯಲ್ಲಿ ನಾವಿದ್ದೆವು. ವಾರ್ಷಿಕ ದುರಸ್ತಿಗೆ ಇಡೀ ಘಟಕವನ್ನು ನಿಲ್ಲಿಸಿದ್ದರು. ಮಂಗಳೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದ ನಾನು ಅಲ್ಲಿ ಗ್ಯಾಸ್ ಟೆಸ್ಟರ್. ಟ್ಯಾಂಕಿನೊಳಗೆ ಜನ ಇಳಿಯುವ ಮೊದಲು ಗಾಳಿಯನ್ನು ಮೀಟರಿನಲ್ಲಿ ಅಳೆದು, ಪರ್ಮಿಟ್ ಕಾಗದಕ್ಕೆ ಸಹಿ ಹಾಕುವುದು ನನ್ನ ಕೆಲಸ. ಚಾಚಾ ಹೋಲ್‌ವಾಚ್. ಟ್ಯಾಂಕಿನ ಬಾಯಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಎಂದು ಬರೆದುಕೊಳ್ಳುವವರು. ಬೇರೆ ಕೆಲಸಕ್ಕೆ ಆಗದವರಿಗೆ ಕೊಡುವ ಕೆಲಸ ಅದು ಎಂದು ಎಲ್ಲರೂ ತಿಳಿದಿದ್ದೆವು.

ಅವರು ಹಳಿಯಾಳದ ಕಡೆಯ ಸಿದ್ದಿ. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಬಂದು ಮಾರಲ್ಪಟ್ಟವರ ಸಂತತಿ. ಸೈಟಿನಲ್ಲಿ ಹೊಸಬರೆಲ್ಲ ಅವರನ್ನು ಸುಡಾನಿನವರೆಂದುಕೊಂಡು ಅರಬಿಯಲ್ಲಿ ಮಾತಾಡಿಸುತ್ತಿದ್ದರು. ಚಾಚಾ ಪೂರ್ತಿ ಕೇಳಿಸಿಕೊಂಡು, "ನಂದು ಹಳಿಯಾಳರೀ" ಎಂದು ಕನ್ನಡದಲ್ಲೇ ಉತ್ತರಿಸುತ್ತಿದ್ದರು. ನಮ್ಮ ಸೂಪರ್‌ವೈಸರ್ ಮಂಗಳೂರಿನವನಾದರೂ ಅವರನ್ನು ಹಬ್ಶಿ ಎಂದೇ ಕರೆಯುತ್ತಿದ್ದ. ನಾನೂ ಒಂದೆರಡು ಸಲ ನಕ್ಕಿದ್ದೇನೆ.

ಶುಕ್ರವಾರ ಜುಮಾ ನಮಾಜು, ಊಟ ಮುಗಿದ ಮೇಲೆ ಕ್ಯಾಂಪಿನಲ್ಲಿ ಚಾಚಾನ ಕೋಣೆಯಲ್ಲಿ ಅವರ ಕಥೆ ನಡೆಯುತ್ತಿತ್ತು. ಇನ್ನು ಇನ್ನೂರು ವರ್ಷ ಆದಮೇಲಿನ ಕಥೆ. ಅದರಲ್ಲೊಂದು ಆಕಾಶದ ಹಡಗು. ಕಟ್ಟಿದವರು ಸಿದ್ದಿಗಳು, ಸುಡಾನಿನವರು, ಜಾಂಜಿಬಾರಿನವರು. ಹಡಗಿನ ಹೆಂಗಸರ ಗುಂಗುರು ಕೂದಲೇ ನಕ್ಷತ್ರಗಳ ಸುದ್ದಿ ಹಿಡಿಯುವ ಆಂಟೆನಾ. ಅಲ್ಲಿ ಕಪ್ತಾನನಿಗಿಂತ ದೊಡ್ಡ ಹುದ್ದೆ ಬಾಗಿಲಿನವಳದು. ಹತ್ತುವ ಪ್ರತಿಯೊಬ್ಬರನ್ನೂ ಅವಳು ಕೇಳುತ್ತಾಳೆ: ನಿನ್ನ ಹೆಸರೇನು? ನಿನ್ನ ದಾರಿ ಕಾಯುವವರು ಯಾರು? ಅವಳು ಹೂಂ ಅನ್ನುವವರೆಗೆ ಹಡಗು ಅಲುಗಾಡುವಂತಿಲ್ಲ.

ಕಥೆಯ ನಡುವೆ ಚಾಚಾ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, "ಆ ಹಡಗಿನ್ಯಾಗ ನಿಂದೇನು ಕೆಲಸ?" ಉಡುಪಿಯ ವೆಲ್ಡರ್ ಒಬ್ಬ ಒಮ್ಮೆ, "ನಾನು ಬಾಗಿಲಿನವಳ ಅಸಿಸ್ಟೆಂಟ್, ಚಾಚಾ. ಈ ಬೆಂಕಿ ಕೆಲಸ ಅಲ್ಲಿಯೂ ಬೇಡ ಮಾರಾಯ್ರೆ" ಎಂದ. ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ, "ಇದೆಲ್ಲ ಕೇಳಿ ಎಂತ ಬದಲಾಗ್ತದೆ ಚಾಚಾ? ನಾಳೆ ಬೆಳಿಗ್ಗೆ ಅದೇ ಟ್ಯಾಂಕಲ್ಲವಾ?" ಎಂದೆ.

"ಎಮ್ಮೆಸ್ಸಿ," ಎಂದರು. ನನ್ನನ್ನು ಕರೆಯುತ್ತಿದ್ದುದೇ ಹಾಗೆ. "ನಮ್ಮ ಹಿಂದಿನ ಕಥಿ ಎಲ್ಲಾ ಬ್ಯಾರೇದವರು ಬರದಿಟ್ಟಾರ. ಮುಂದಿಂದು ಇನ್ನೂ ಖಾಲಿ ಐತಿ. ಅದನ್ನೂ ಅವರಿಗೇ ಬಿಡೂದೇನು?"

ಕಪ್ಪು ಜನರು ತಮ್ಮ ನಾಳೆಯನ್ನು ತಾವೇ ಊಹಿಸಿ ಬರೆಯುವ ಇಂಥದ್ದಕ್ಕೆ ಆಫ್ರೋಫ್ಯೂಚರಿಸಂ ಎಂಬ ಹೆಸರಿದೆ ಎಂದು ಪಾಂಡಿತ್ಯ ತೋರಿಸಿದೆ. ಚಾಚಾ ಆ ಪದವನ್ನು ಎರಡು ಸಲ ಹೇಳಿಸಿ ಕೇಳಿದರು. "ಹೆಸರೂ ಇಟ್ಟಾರಾ? ಹಂಗಾರ ನಾ ಒಬ್ಬನೇ ಅಲ್ಲ!" ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಮತ್ತೆ ಕಾಣಲಿಲ್ಲ.

ದುರಸ್ತಿ ಎರಡು ದಿನ ತಡವಾಗಿತ್ತು. ಆ ಬೆಳಿಗ್ಗೆ ಮೂರು ಜನ ಬೆಲ್ಟು ಬಿಗಿದುಕೊಂಡು ಟ್ಯಾಂಕಿನ ಎದುರು ನಿಂತಿದ್ದರು. ಮುಂದೆ ಉಡುಪಿಯ ವೆಲ್ಡರ್. ನಾನು ಸಹಿ ಹಾಕಿದ ಪರ್ಮಿಟ್ಟನ್ನು ಚಾಚಾನ ಕೈಗಿಟ್ಟೆ.

"ಮೀಟರ್ ಎಲ್ಲೈತಿ?"

"ಆಫೀಸಲ್ಲಿ. ಎಲ್ಲ ಸರಿ ಇದೆ, ಸಹಿ ಹಾಕಿದ್ದೇನಲ್ಲ."

"ಸಹಿ ಕಂಡೆ. ನಾ ಕೇಳಿದ್ದು ಮೀಟರ್."

ಸೂಪರ್‌ವೈಸರ್ ದೂರದಿಂದಲೇ ಕೂಗಿದ. "ಯಲ್ಲಾ, ಯಲ್ಲಾ! ಬೇಗ! ಎಂತ ನಾಟಕ ಅಲ್ಲಿ?"

ಚಾಚಾ ಎದ್ದರು. ಕುರ್ಚಿಯನ್ನೆತ್ತಿ ಟ್ಯಾಂಕಿನ ಬಾಯಿಗೆ ಅಡ್ಡವಾಗಿಟ್ಟು ಕೂತರು. ಸೂಪರ್‌ವೈಸರ್ ಓಡಿ ಬಂದು, "ಏ ಹಬ್ಶಿ, ಏಳು! ಇವತ್ತೇ ಎಕ್ಸಿಟ್ ಹೊಡೆಸಿ ಊರಿಗೆ ಕಳಿಸ್ತೇನೆ ನಿನ್ನ!" ಎಂದ. ಗದ್ದದ ಕೆಳಗಿನ ನೀಲಿ ದಾರವನ್ನು ಬಿಗಿದುಕೊಂಡು ಚಾಚಾ ಕೂತೇ ಇದ್ದರು. ಊರಿನಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ಕಾಲೇಜಿನಲ್ಲಿದ್ದರು.

ಆಗ ವೆಲ್ಡರ್ ಬೆಲ್ಟು ಬಿಚ್ಚಿ ಅವರ ಪಕ್ಕದಲ್ಲಿ ನೆಲಕ್ಕೆ ಕೂತ. "ಬಾಗಿಲಿನವಳು ಬಿಡ್ಲಿಲ್ಲ ಸರ್. ನಾನೆಂತ ಮಾಡುದು?"

ಅವನ ಹಿಂದೆ ಉಳಿದಿಬ್ಬರೂ ಕೂತರು. ಪಕ್ಕದ ಟ್ಯಾಂಕಿನವರು ಬಂದು ಕೂತರು. ಶುಕ್ರವಾರದ ಕೋಣೆಯಲ್ಲಿ ಕೂರುತ್ತಿದ್ದವರೇ ಎಲ್ಲ. ಯಾರೂ ಕೂಗಲಿಲ್ಲ. ಈ ದೇಶದಲ್ಲಿ ಕೆಲಸ ನಿಲ್ಲಿಸಿ ಗುಂಪಾಗಿ ಕೂರುವುದೆಂದರೆ ಜೈಲು, ಇಲ್ಲವೇ ಗಡಿಪಾರು ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ನಾನೊಬ್ಬನೇ ನಿಂತಿದ್ದೆ.

ನಾನೇ ಹೋಗಿ ಮೀಟರ್ ತಂದೆನೋ, ಯಾರಾದರೂ ತಂದುಕೊಟ್ಟರೋ ನೆನಪಿಲ್ಲ. ಅದರ ಕೊಳವೆಯನ್ನು ಟ್ಯಾಂಕಿನೊಳಗೆ ಇಳಿಬಿಟ್ಟ ಕೂಡಲೇ ಅದು ಕಿರುಚಿತು. ಶೇಕಡಾ ಇಪ್ಪತ್ತೊಂದು ಇರಬೇಕಾದ ಆಮ್ಲಜನಕ ಮೂರಕ್ಕಿಳಿದಿತ್ತು. ಪಕ್ಕದ ಪೈಪಿನಿಂದ ನೈಟ್ರೋಜನ್ ನುಗ್ಗಿ ತುಂಬಿಕೊಂಡಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಇಳಿದವನು ಎರಡು ಉಸಿರು ಎಳೆದು ಬಿದ್ದಿರುತ್ತಿದ್ದ, ಎತ್ತಲು ಹೋದವನು ಅವನ ಮೇಲೆ.

ವಿಚಾರಣೆಯಲ್ಲಿ ನಾನು ಹೇಳಿದ್ದು ಇದು: "ಬೆಳಿಗ್ಗೆ ಅಳೆದಾಗ ಸರಿಯಿತ್ತು. ಅನಿಲ ಸೋರಿದ್ದು ಆಮೇಲೆ." ಹೇಳುತ್ತಾ ಹೇಳುತ್ತಾ ಅದನ್ನು ನಾನೇ ನಂಬಿದೆ. ಮುಂಜಾವಿನ ಬೆಳಕಿನಲ್ಲಿ ಕೊಳವೆ ಇಳಿಬಿಡುವ ನನ್ನ ಕೈಗಳೂ ನೆನಪಿಗೆ ಬರತೊಡಗಿದವು. ಹಾಗಾಗಿ ಕಡತದಲ್ಲಿ ಚಾಚಾ, ಸರಿಯಾದ ಪರ್ಮಿಟ್ಟನ್ನು ಧಿಕ್ಕರಿಸಿ ಜನರನ್ನು ಕೂರಿಸಿದವರಾದರು. ಜೀವ ಉಳಿದದ್ದು ಅದೃಷ್ಟವಾಯಿತು. ಮೀಟರನ್ನು ಹೋಲ್‌ವಾಚ್‌ಗೆ ತೋರಿಸದೆ ಯಾರೂ ಇಳಿಯಬಾರದೆಂದು ಮರುದಿನವೇ ಹೊಸ ನಿಯಮ ಬಂತು. ತಿಂಗಳೊಳಗೆ ಚಾಚಾನ ಇಕಾಮಾ, ಅಲ್ಲಿ ಇರಲು ಬೇಕಾದ ಪರವಾನಗಿ, ಮುಗಿಯಿತು, ಕಂಪನಿ ಅದನ್ನು ನವೀಕರಿಸಲಿಲ್ಲ.

ಹೊರಡುವ ದಿನ ಚಾಚಾ ನನ್ನ ಹೇಳಿಕೆಯ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಎಮ್ಮೆಸ್ಸಿ, ಹಡಗಿನ್ಯಾಗ ನಿನ್ನ ಕೆಲಸ ಏನಂತ ನೀ ಹೇಳಲೇ ಇಲ್ಲ ನೋಡು" ಎಂದು ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಮೂರು ವರ್ಷಗಳ ನಂತರ ವೆಲ್ಡರ್ ಫೋನ್ ಮಾಡಿದ. "ಚಾಚಾ ತೀರಿಹೋದ್ರು ಮಾರಾಯ. ಮಣ್ಣು ಕೂಡ ಆಯ್ತಂತೆ." ಆಮೇಲೆ, "ನನ್ನ ಮಗಳು ಹುಟ್ಟಿದ್ದು ಆ ಗಲಾಟೆ ಆದ ಮೇಲೆ, ಗೊತ್ತುಂಟಲ್ಲ ನಿಂಗೆ?" ಎಂದ.

ಆಗ ನಾನು ಅಲ್ ಖೋಬರ್‌ನಲ್ಲಿ ಕಂಪನಿಯ ಮುಖ್ಯ ಕಚೇರಿಯಲ್ಲಿದ್ದೆ. ಹಳೆಯ ಸೈಟುಗಳ ದಾಖಲೆಗಳೆಲ್ಲ ಅಲ್ಲಿಯೇ ಇದ್ದವು. ಮೀಟರನ್ನು ಯಾರು ಯಾವಾಗ ಹಚ್ಚಿದರೂ ಅದು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ, ಅಳಿಸಲಾಗದು. ಎರಡು ದಿನ ತಡೆದು, ಮೂರನೆಯ ದಿನ ತೆಗೆದು ನೋಡಿದೆ. ಪರ್ಮಿಟ್ಟಿನ ಮೇಲೆ ನನ್ನ ಸಹಿ ಬಿದ್ದದ್ದು ಆರು ಐವತ್ತಕ್ಕೆ. ಆ ದಿನ ಮೀಟರ್ ಮೊದಲ ಬಾರಿಗೆ ಹೊತ್ತಿಕೊಂಡದ್ದು ಏಳು ನಲವತ್ತಕ್ಕೆ, ಎಲ್ಲರೂ ಕೂತಾದ ಮೇಲೆ.