ಒಂದು ಡಿ ಕಡಿಮೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕರಡಿಯಮ್ಮನ ಕಥೆ ಹೇಳುವಾಗ ಅದನ್ನು ಮುಚ್ಚಿಡಲು ಆಗುವುದಿಲ್ಲ. ಕಾಲೇಜಿನ ಸಂಜೆ ಕೋರ್ಸಿನಲ್ಲಿ ನಾನು ಪ್ರೋಗ್ರಾಮಿಂಗ್ ಮತ್ತು ವೆಬ್ ಪುಟ ಮಾಡುವ ಕೆಲಸ ಕಲಿಸುತ್ತೇನೆ. ವಿದ್ಯಾರ್ಥಿಗಳು ನನಗೆ ಇಟ್ಟ ಹೆಸರು ಸಿಡಿಮಿಡಿ ಸರ್. ಅದು ನನಗೆ ಗೊತ್ತಿಲ್ಲವೆಂದು ಅವರು ಅಂದುಕೊಂಡಿದ್ದಾರೆ.

ಲ್ಯಾಬ್ ಇರುವುದು ಮೂರನೇ ಮಹಡಿಯಲ್ಲಿ. ಇಪ್ಪತ್ತನಾಲ್ಕು ಕಂಪ್ಯೂಟರ್, ಅದರಲ್ಲೊಂದು ಲೆಕ್ಕಕ್ಕುಂಟು ಆಟಕ್ಕಿಲ್ಲ. ಸಂಜೆ ಆರಕ್ಕೆ ಬರುವವರೆಲ್ಲ ಹಗಲಿಡೀ ದುಡಿದು ದಣಿದವರು. ಔಷಧಿ ಅಂಗಡಿಯಾತ, ಕೊರಿಯರ್ ಆಫೀಸಿನ ಇಬ್ಬರು, ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಓಡಿ ಬರುವ ನರ್ಸ್, ಹೀಗೆ. ಹೋದ ವರ್ಷ ಮೊದಲ ದಿನ ಎಲ್ಲರೂ ತಂತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದಾಗ, ಮುಂದಿನ ಸಾಲಿನಿಂದ ನಲವತ್ತೆಂಟರ ಹೆಂಗಸೊಬ್ಬರು ಎದ್ದು ನಿಂತರು.

"ನಾನು ಪ್ರೆಸ್ಸಲ್ಲಿ ಕರಡು ತಿದ್ತೀನಿ. ಇಪ್ಪತ್ತೆರಡು ವರ್ಷ ಆಯ್ತು."

ಅಚ್ಚಿಗೆ ಹೋಗುವ ಮುಂಚೆ ಪುಸ್ತಕದ ಪುಟಗಳನ್ನು ಓದಿ ತಪ್ಪು ತೆಗೆಯುವ ಕೆಲಸ ಅದು. ಹಿಂದಿನ ಸಾಲಿಗೆ ಮಾತ್ರ ಕರಡು ಎಂಬುದು ಕರಡಿ ಎಂದು ಕೇಳಿಸಿತು. ವಾರ ಕಳೆಯುವಷ್ಟರಲ್ಲಿ ಅವರು ಕರಡಿಯಮ್ಮ ಆಗಿಬಿಟ್ಟರು. ವಿಷಯ ಅವರ ಕಿವಿಗೂ ಬಿತ್ತು. ಹಿಂದೆ ತಿರುಗಿ, "ಕರಡಿಗೆ ಕಣ್ಣು ಮಂದ ಕಣ್ರಪ್ಪಾ. ಆ ಹೆಸರು ನನ್ನ ಕೆಲಸಕ್ಕೆ ಅವಮಾನ," ಎಂದರು. ಹಿಂದಿನ ಸಾಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಈ ವಯಸ್ಸಿನಲ್ಲಿ ಯಾಕೆ ಬಂದಿರಿ ಎಂದು ಒಮ್ಮೆ ಕೇಳಿದೆ. ಅವರು ಸುತ್ತಿಬಳಸದೆ ಹೇಳಿದರು.

"ವರ್ಷದ ಕೊನೆಗೆ ನಮ್ಮ ಕರಡು ವಿಭಾಗ ಮುಚ್ತಾರೆ ಸರ್. ಪುಸ್ತಕಗಳನ್ನೆಲ್ಲ ವೆಬ್‌ಸೈಟಿಗೆ ಹಾಕೋಕೆ, ಅದನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕಂತೆ. ಸರ್ಟಿಫಿಕೇಟ್ ತಂದ್ರೆ ಆ ಕುರ್ಚಿ ನಿಮಗೇ ಅಂದಿದಾರೆ ಓನರು. ತರದಿದ್ರೆ ಮನೆಗೆ."

"ಮನೇಲಿ ಇರಬಹುದಲ್ಲ ಆರಾಮಾಗಿ?"

"ಮನೇಲಿ ತಿದ್ದೋಕೆ ನಮ್ಮ ಯಜಮಾನ್ರು ಒಬ್ಬರೇ ಸಿಗೋದು. ಅವರನ್ನ ತಿದ್ದಿ ಮುಗಿಸಿ ಬಹಳ ವರ್ಷ ಆಯ್ತು."

ಮಾತು ಚುರುಕಾಗಿತ್ತು. ಕೆಲಸದಲ್ಲೇ ತೊಡಕು. ಸಾಲಿನ ಕೆಳಗೆ ಏನಾದರೂ ಹಿಡಿಯದೆ ಓದುವ ಅಭ್ಯಾಸವೇ ಅವರಿಗಿರಲಿಲ್ಲ. ಮೊದಲ ವಾರ ಸ್ಟೀಲಿನ ಅಡಿಪಟ್ಟಿ ತಂದು ಸ್ಕ್ರೀನಿಗೇ ಒತ್ತಿ ಹಿಡಿದರು. ಗೀರು ಬೀಳುತ್ತದೆಂದು ನಾನು ಕೂಗಾಡಿದೆ. ಮಾರನೆಯ ದಿನ ಪುಸ್ತಕದ ರಟ್ಟಿನಿಂದ ಕತ್ತರಿಸಿದ ಪಟ್ಟಿ ತಂದರು. ಅದನ್ನು ಹಿಡಿದು ಒಂದೊಂದೇ ಅಕ್ಷರ ಓದುತ್ತ ಕೂತರೆ, ಉಳಿದವರು ಮೂರು ಪುಟ ಬರೆದು ಚಹಾ ಕುಡಿದು ಬರುತ್ತಿದ್ದರು.

ಅದಕ್ಕಿಂತ ದೊಡ್ಡ ತೊಂದರೆ ಅವರ ಕೈ. ತಪ್ಪು ಕಂಡರೆ ಆ ಕೈ ಸುಮ್ಮನಿರುತ್ತಿರಲಿಲ್ಲ. ಬಣ್ಣ ಹೇಳುವ ಆಜ್ಞೆಯಲ್ಲಿ ಕಲರ್ ಎಂಬ ಪದಕ್ಕೆ ಒಂದು ಯು ಸೇರಿಸಿಬಿಟ್ಟರು, ಅವರ ಪ್ರೆಸ್ಸಿನ ನಿಘಂಟಿನಲ್ಲಿ ಹಾಗಿದೆಯಂತೆ. ಪುಟವೆಲ್ಲ ಕಪ್ಪುಬಿಳುಪಾಗಿಯೇ ಉಳಿಯಿತು. ಮೊದಲ ಪ್ರಾಯೋಗಿಕ ಪರೀಕ್ಷೆಯಲ್ಲಂತೂ ನಾನು ಕೊಟ್ಟ ಅರ್ಧ ಪ್ರೋಗ್ರಾಮಿನಲ್ಲಿ ಇಂಗ್ಲಿಷಿನ ಕೌಂಟ್ ಎಂಬುದನ್ನು ಸ್ವರ ಬಿಟ್ಟು ಮೂರೇ ಅಕ್ಷರದಲ್ಲಿ ಬರೆದಿದ್ದೆ, ನಾವೆಲ್ಲ ಹಾಗೇ ಬರೆಯುವುದು. ಅವರು ಅದನ್ನು ಕಾಗುಣಿತದ ತಪ್ಪೆಂದು ಭಾವಿಸಿ ಒಂದೊಂದೇ ಕಡೆ ತುಂಬಿಸುತ್ತ ಹೋದರು. ಅರ್ಧ ತಿದ್ದುವಷ್ಟರಲ್ಲಿ ಸಮಯ ಮುಗಿಯಿತು. ಅರ್ಧ ಒಂದು ಹೆಸರು, ಅರ್ಧ ಇನ್ನೊಂದು ಹೆಸರು. ಪ್ರೋಗ್ರಾಮ್ ಓಡಲಿಲ್ಲ, ಅವರು ನಪಾಸಾದರು.

ನಮ್ಮ ಕೋರ್ಸಿನಲ್ಲಿ ಎಲ್ಲರಿಗೂ ಎರಡು ಪ್ರಾಯೋಗಿಕ ಪರೀಕ್ಷೆ, ಒಂದರಲ್ಲಾದರೂ ಪಾಸಾಗಬೇಕು. ಎರಡನೆಯದೂ ಕೈಕೊಟ್ಟರೆ ಹೆಸರು ತೆಗೆದುಹಾಕುತ್ತಾರೆ. ಅಂದು ಅಂಕ ನೋಡಲು ಬಂದವರಿಗೆ ಸಮಾಧಾನದ ನಾಲ್ಕು ಮಾತು ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ.

"ನಿಮಗಿದು ಒಗ್ಗಲ್ಲ ಮೇಡಂ. ಸುಮ್ಮನೆ ನಿಮ್ಮ ಟೈಮೂ ಹಾಳು, ನನ್ನ ಟೈಮೂ ಹಾಳು. ಬಿಟ್ಟುಬಿಡಿ."

ಅವರು ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ನನಗೆ ಆ ಕ್ಷಣವೇ ಕಸಿವಿಸಿಯಾಯಿತು. ಕರೆದು ಹೇಳುವಷ್ಟು ದೊಡ್ಡತನ ಮಾತ್ರ ಬರಲಿಲ್ಲ.

ಮಾರನೆಯ ಸಂಜೆ ಆರಕ್ಕೆ ಐದು ನಿಮಿಷ ಇರುವಾಗಲೇ ಅವರು ತಮ್ಮ ಜಾಗದಲ್ಲಿದ್ದರು. ನಾವಿಬ್ಬರೂ ಹಿಂದಿನ ದಿನದ ಮಾತೆತ್ತಲಿಲ್ಲ. ಅದೇ ವಾರ ಕೊರಿಯರ್ ಆಫೀಸಿನವನ ಪ್ರೋಗ್ರಾಮನ್ನು ಅವರು ಇಣುಕಿ ನೋಡಿದರು. ರಿಸೀವ್ ಎಂಬ ಪದದಲ್ಲಿ ಇ ಮತ್ತು ಐ ಹಿಂದುಮುಂದಾಗಿದ್ದವು, ಹತ್ತು ಕಡೆ. ಆದರೂ ಪ್ರೋಗ್ರಾಮ್ ಸಲೀಸಾಗಿ ಓಡುತ್ತಿತ್ತು.

"ಇದು ತಪ್ಪಲ್ವಾ ಸರ್? ಹೇಗೆ ಓಡ್ತಿದೆ?"

"ಕಂಪ್ಯೂಟರಿಗೆ ನಿಘಂಟು ಗೊತ್ತಿಲ್ಲ ಮೇಡಂ. ನಾವೇ ಇಟ್ಟ ಹೆಸರಾದ್ರೆ, ಮೊದಲು ಏನಂತ ಇಟ್ರೋ ಕೊನೆವರೆಗೂ ಹಾಗೇ ಕರೀಬೇಕು. ಅಷ್ಟೇ ಅದರ ಹಟ."

ಅವರು ಒಬ್ಬರೇ ನಗತೊಡಗಿದರು.

"ನಮ್ಮ ಪ್ರೆಸ್ಸಿಗೆ ಒಬ್ಬ ಲೇಖಕರು ಬರ್ತಿದ್ರು ಸರ್. ನನ್ನ ವಿಷಾದದಲ್ಲಿ ವಿಷ ಬೇಡ ಅಂತ ಅವರದೊಂದು ಹಟ. ವಿಶಾದ ಅಂತಲೇ ಬರೆಯೋರು. ತಿದ್ದಿದ್ರೆ ಕೆಂಡ ಆಗೋರು. ಮುನ್ನೂರು ಪುಟದಲ್ಲಿ ಎಲ್ಲೂ ಒಂದು ಷ ನುಸುಳದ ಹಾಗೆ ಕಾಯೋದೇ ನನ್ನ ಕೆಲಸ ಆಗಿತ್ತು. ಹಾಗಿದ್ರೆ ಇದೂ ಆ ಮಹಾನುಭಾವರ ಥರಾನೇ ಅನ್ನಿ."

"ಹೆಚ್ಚು ಕಮ್ಮಿ ಹಾಗೇ."

"ಮೊದಲೇ ಹೇಳಬಾರದಿತ್ತಾ? ಅಂಥವರ ಜೊತೆ ಏಗಿ ನನಗೆ ಅಭ್ಯಾಸ ಇದೆ."

ಅಲ್ಲಿಂದ ಅವರ ಕೈ ಹಿಡಿತಕ್ಕೆ ಬಂತು. ಒಂದು ಬೆಳಿಗ್ಗೆ ಎಂಟಕ್ಕೆ ಏನೋ ಅನುಮಾನ ಕೇಳಲು ಫೋನ್ ಮಾಡಿದರು. ಹಿಂದಿನಿಂದ ಗಂಡಸಿನ ದನಿ ಪಾಠ ಒಪ್ಪಿಸುವಂತೆ ಕೇಳುತ್ತಿತ್ತು. "ಕಂಸ ಶುರು. ಕಂಸ ಮುಗೀತು. ಮೀಸೆ ಕಂಸ ಶುರು. ಅರ್ಧವಿರಾಮ. ಏಯ್, ಇಲ್ಲೊಂದು ಮೀಸೆ ಮುಗಿಸಿಲ್ಲ ನೀನು." ಅವರ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ಪ್ರೆಸ್ಸಿನಲ್ಲಿ ಒಬ್ಬರು ಮೂಲ ಪ್ರತಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡು ನೋಡುವುದು ಹಳೆಯ ಕ್ರಮ. ಅದೇ ಕ್ರಮದಲ್ಲಿ ದಿನಾ ತಿಂಡಿಯ ಹೊತ್ತಿಗೆ ಹೆಂಡತಿಗೆ ಪ್ರೋಗ್ರಾಮ್ ಓದಿ ಹೇಳಿ, ಆಮೇಲೆ ಅವರು ಕೆಲಸಕ್ಕೆ ಹೊರಡುತ್ತಿದ್ದರು. ಮೀಸೆಯಂತೆ ಸುಳಿ ತಿರುಗಿದ ಕಂಸಕ್ಕೆ ಮೀಸೆ ಕಂಸ ಎಂಬ ಹೆಸರು ಅವರದೇ ಸೃಷ್ಟಿ. ಈಗ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ನಾನೂ ಸೇರಿ.

ಎರಡನೆಯ ಪರೀಕ್ಷೆ ಬಂತು. ಅಂಕ ಹಾಕಲು ಬೇರೆ ಕಾಲೇಜಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದಿದ್ದರು. ಪ್ರಶ್ನೆ ನನ್ನದು. ಗ್ರಂಥಾಲಯದ ಸದಸ್ಯರಾಗುವವರು ತುಂಬುವ ಒಂದು ಪುಟವನ್ನು ನಾನೇ ಮಾಡಿ ಕೊಟ್ಟಿದ್ದೆ: ಹೆಸರಿಗೆ, ವಿಳಾಸಕ್ಕೆ, ಫೋನ್ ನಂಬರಿಗೆ ಒಂದೊಂದು ಪೆಟ್ಟಿಗೆ. ತುಂಬಿದ್ದನ್ನು ಓದಿ ಕೆಳಗೆ ಪಟ್ಟಿ ಮಾಡಿ ತೋರಿಸುವ ಪ್ರೋಗ್ರಾಮನ್ನು ವಿದ್ಯಾರ್ಥಿಗಳು ಬೇರೆ ಕಡತದಲ್ಲಿ ಬರೆಯಬೇಕು. ಕಳೆದ ಸಲದ ಕರಡಿಯಮ್ಮನ ಅವಾಂತರ ನೆನಪಿಟ್ಟುಕೊಂಡು ಪ್ರಶ್ನೆಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಕೊಟ್ಟ ಪುಟದಲ್ಲಿ ಒಂದಕ್ಷರ ಬದಲಿಸಿದರೂ ನಪಾಸು.

ಒಂದು ಗಂಟೆ ಕಳೆಯಿತು. ಯಾರದೂ ಓಡುತ್ತಿಲ್ಲ.

"ವಿಳಾಸ ಬರ್ತಿಲ್ಲ ಸರ್," ಎಂದಳು ನರ್ಸ್.

"ನೆಟ್ಟಗೆ ಬರೆದ್ರೆ ಬರುತ್ತೆ."

ಔಷಧಿ ಅಂಗಡಿಯಾತನಿಗೂ ಅದೇ ಗೋಳು. ಬಾಗಿಲ ಬಳಿ ಕೂತ ಪರೀಕ್ಷಕರು ನನ್ನನ್ನೇ ನೋಡುತ್ತಿದ್ದರು. ಇವನು ವರ್ಷವಿಡೀ ಏನು ಕಲಿಸಿದ ಎಂದು ಅವರು ಯೋಚಿಸುತ್ತಿರಬೇಕೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲೇ ಮುಂದಿನ ಸಾಲಿಗೆ ಬಂದೆ. ಕರಡಿಯಮ್ಮನ ಸ್ಕ್ರೀನಿನಲ್ಲಿ ಹೆಸರು, ವಿಳಾಸ, ಫೋನ್, ಮೂರೂ ಸಾಲಾಗಿ ಬಂದು ಕೂತಿದ್ದವು. ಇಡೀ ಲ್ಯಾಬಿನಲ್ಲಿ ಇವರದೊಂದೇ ಓಡುತ್ತಿದೆ ಎಂದರೆ ಕಾರಣ ಒಂದೇ ಎಂದುಕೊಂಡೆ.

"ಮತ್ತೆ ಕೊಟ್ಟ ಪುಟ ತಿದ್ದಿದ್ರಾ? ಅದೇ ಚಾಳಿನಾ?"

ನನ್ನ ದನಿಗೆ ಎಲ್ಲರೂ ತಿರುಗಿದರು. ಅವರ ಮುಖ ಕೆಂಪಾಯಿತು.

"ತಿದ್ದಿಲ್ಲ ಸರ್," ಎಂದಷ್ಟೇ ಹೇಳಿ ನಾನು ಕೊಟ್ಟ ಪುಟವನ್ನು ತೆರೆದು, ಹದಿನಾಲ್ಕನೇ ಸಾಲಿನ ಕೆಳಗೆ ರಟ್ಟಿನ ಪಟ್ಟಿ ಹಿಡಿದರು.

ಓದಿದೆ. ವಿಳಾಸದ ಪೆಟ್ಟಿಗೆಗೆ ನಾನು ಇಂಗ್ಲಿಷಿನಲ್ಲಿ ಅಡ್ರೆಸ್ ಎಂದು ಹೆಸರಿಟ್ಟಿದ್ದೆ. ಎರಡು ಡಿ ಇರಬೇಕಾದ ಕಡೆ ಒಂದೇ ಇತ್ತು. ಆ ಪೆಟ್ಟಿಗೆಯನ್ನು ಅಂದು ಮಧ್ಯಾಹ್ನ ಕೊನೇ ಗಳಿಗೆಯಲ್ಲಿ ಸೇರಿಸಿ, ಓಡಿಸಿ ನೋಡದೆ ಎಲ್ಲರಿಗೂ ಹಂಚಿದ್ದೆ. ಉಳಿದವರು ನನ್ನ ಪುಟವನ್ನು ನಂಬಿ, ಸರಿಯಾದ ಕಾಗುಣಿತದಲ್ಲಿ ಬರೆದು, ತಮ್ಮದೇ ತಪ್ಪೆಂದು ಒದ್ದಾಡುತ್ತಿದ್ದರು. ಇವರೊಬ್ಬರೇ ಅದನ್ನು ಅಕ್ಷರ ಅಕ್ಷರ ಓದಿದ್ದರು. ತಿದ್ದುವ ಹಾಗಿಲ್ಲ. ಅದಕ್ಕೇ ತಮ್ಮ ಪ್ರೋಗ್ರಾಮಿನಲ್ಲಿ ಏಳು ಕಡೆಯೂ ಒಂದೇ ಡಿ ಇಟ್ಟು, ತಪ್ಪನ್ನು ತಪ್ಪಾಗಿಯೇ ಬರೆದಿದ್ದರು.

ಅಷ್ಟರಲ್ಲಿ ಗಲಾಟೆ ಕೇಳಿ ಪರೀಕ್ಷಕರು ಎದ್ದು ಬಂದರು. ಬಗ್ಗಿ ಅವರ ಪ್ರೋಗ್ರಾಮ್ ನೋಡಿದರು.

"ಏನಮ್ಮಾ ಇದು? ಅಡ್ರೆಸ್ ಅಂತ ಬರೆಯೋಕೂ ಬರಲ್ವಾ? ಒಂದಲ್ಲ ಎರಡಲ್ಲ, ಏಳು ಕಡೆ. ಪುಟದಲ್ಲೂ ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿದೀರಿ, ಅದಕ್ಕೇ ಓಡ್ತಿದೆ. ನಿಯಮ ಓದಿದೀರಲ್ವಾ?"

ಅವರು ಅಂಕಪಟ್ಟಿ ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಕರಡಿಯಮ್ಮ ಮಾತಾಡಲಿಲ್ಲ. ತಪ್ಪು ಯಾರದೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತೇ ಇದ್ದರು. ಆಮೇಲೆ ನಾನು ಕೇಳಿದ್ದಕ್ಕೆ, "ಬೇರೆಯವರ ಎದುರಿಗೆ ಲೇಖಕರ ತಪ್ಪು ಎತ್ತಿ ಆಡಬಾರದು ಸರ್, ಪ್ರೆಸ್ಸಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು," ಎಂದರು.

ಈಗ ನಿಜ ಹೇಳುತ್ತೇನೆ. ಆ ನಾಲ್ಕೈದು ಸೆಕೆಂಡು ನಾನು ಸುಮ್ಮನಿದ್ದೆ. ನನ್ನ ಕೆಲಸ ಪಕ್ಕಾ ಅಲ್ಲ, ವರ್ಷ ವರ್ಷ ಮುಂದುವರಿಸುವಂಥದ್ದು. ಪ್ರಶ್ನೆಯೇ ತಪ್ಪೆಂದು ವರದಿ ಹೋದರೆ ಮುಂದಿನ ವರ್ಷ ಬೇರೆ ಯಾರೋ ಈ ಲ್ಯಾಬಿನಲ್ಲಿರಬಹುದು. ಇವೆಲ್ಲ ತಲೆಯಲ್ಲಿ ಓಡಿತು. ಪೆನ್ನು ಅವರ ಹೆಸರಿನ ಮುಂದೆ ಬಂದು ನಿಂತಿತು. ಇಪ್ಪತ್ತೆರಡು ವರ್ಷ ದುಡಿದ ಹೆಂಗಸಿನ ಅನ್ನ ನನ್ನ ಒಂದು ಮಾತಿನ ಮೇಲೆ ನಿಂತಿದೆ ಅನ್ನಿಸಿ ನಾಚಿಕೆಯಾಯಿತು.

"ತಪ್ಪು ನನ್ನದು ಸರ್," ಎಂದೆ. ಪರೀಕ್ಷಕರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. "ಪುಟ ಮಾಡಿದ್ದು ನಾನು. ಡಿ ಬಿಟ್ಟಿದ್ದೂ ನಾನು. ಅವರು ಒಂದಕ್ಷರ ಮುಟ್ಟಿಲ್ಲ."

ಪರೀಕ್ಷಕರು ನನ್ನ ಕಂಪ್ಯೂಟರಿನಲ್ಲಿದ್ದ ಮೂಲ ಪುಟ ತೆರೆಸಿ ನೋಡಿದರು. ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು, ಅದೇ ಸಾಕಾಗಿತ್ತು. ಎಲ್ಲರಿಗೂ ಹದಿನಾಲ್ಕನೇ ಸಾಲು ನೋಡಲು ಹೇಳಿ ಅರ್ಧ ಗಂಟೆ ಹೆಚ್ಚಿಗೆ ಕೊಟ್ಟರು. ಆಮೇಲೆ ಕರಡಿಯಮ್ಮನ ಹತ್ತಿರ ಬಂದರು.

"ತಪ್ಪು ಅಂತ ಗೊತ್ತಿದ್ದೂ ಹಾಗೇ ಬರೆದ್ರಾ?"

"ಗೊತ್ತಿತ್ತು ಸರ್. ಮೂಲದಲ್ಲಿ ಹೇಗಿದೆಯೋ ಹಾಗೇ ಇರಬೇಕಲ್ಲ. ಕೈ ಒಪ್ಪಲಿಲ್ಲ. ಗದರಿಸಿ ಬರೆಸಿದೆ."

ಪರೀಕ್ಷಕರು ನಕ್ಕರು, ಅವರೆದುರೇ ಅಂಕ ಬರೆದರು. ಆ ಸಂಜೆ ಬರೆದ ಅಂಕಗಳಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚಿನದು.

ಲ್ಯಾಬ್ ಖಾಲಿಯಾಗುವಾಗ ಅವರು ಚೀಲ ಹೆಗಲಿಗೇರಿಸಿ ನಿಂತೇ ಇದ್ದರು.

"ಅವತ್ತು ಬಿಟ್ಟುಬಿಡಿ ಅಂದಿದ್ದೆ ಮೇಡಂ," ಎಂದೆ. "ಅನ್ನಬಾರದಿತ್ತು."

"ಆ ಸಾಲನ್ನ ನಾನು ಅವತ್ತೇ ಹೊಡೆದುಹಾಕಿದೆ ಸರ್."

ನನ್ನ ಕಣ್ಣು ಮಂಜಾಯಿತು. ಅವರು ನೋಡದಂತೆ ಕಿಟಕಿ ಮುಚ್ಚಲು ಹೋದೆ. ಆಮೇಲೆ ಇಬ್ಬರೂ ಒಟ್ಟಿಗೇ ಮೆಟ್ಟಿಲಿಳಿದೆವು. ಕೆಳಗೆ ಅವರ ಯಜಮಾನರು ಸ್ಕೂಟರಿಗೆ ಒರಗಿ ಉಗುರು ಕಚ್ಚುತ್ತ ನಿಂತಿದ್ದರು. ಪಾಪ, ಪರೀಕ್ಷೆ ಬರೆದವರಿಗಿಂತ ಹೆಚ್ಚು ಬೆವರಿದ್ದರು.

"ಏನಾಯ್ತೇ?"

"ಪಾಸು."

ಅವರು ನಂಬದೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಕರಡಿಯಮ್ಮ ಸೀಟು ಒರೆಸಿ ಹತ್ತಿ ಕೂತು, ಗಂಡನ ಹೆಗಲ ಮೇಲೆ ಕೈಯಿಟ್ಟರು.

"ಇಷ್ಟು ವರ್ಷ ತಪ್ಪು ತಿದ್ದಿ ಸಂಬಳ ತಗೊಂಡೆ ಕಣ್ರೀ," ಎಂದರು. "ಇವತ್ತು ತಪ್ಪು ಬರೆದು ಕೆಲಸ ಉಳಿಸ್ಕೊಂಡೆ. ನಡೀರಿ."