ಕಿವಿ ಮೇಷ್ಟ್ರು ತಲೆಯಾಡಿಸಿದ ಮೋಟಾರು

ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಕಿವಿ ಮೇಷ್ಟ್ರು ಅಂತಲೇ ಹೆಸರು. ತೆಳ್ಳನೆಯ ಪಿಂಗಾಣಿ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಕರೆಂಟು ಕೊಟ್ಟರೆ ಅವು ಕೂದಲೆಳೆಗಿಂತ ಕಮ್ಮಿ ಉಬ್ಬುತ್ತವೆ. ಆ ಉಬ್ಬಿನಿಂದಲೇ ಸೂಜಿಯನ್ನು ನೇರ ತಳ್ಳುವ, ಮೆಲ್ಲಗೆ ತಿರುಗಿಸುವ ಮೋಟಾರು ಕಟ್ಟುವುದು ಇವರ ಕೆಲಸ. ಕಣ್ಣಿನ ಆಪರೇಶನ್ ಯಂತ್ರಕ್ಕೆ ಅದು ಬೇಕು. ಬಿಲ್ಲೆ ಬಿರುಕು ಬಿಟ್ಟರೆ ಸೂಜಿ ಒಂದು ಕ್ಷಣ ಸಿಕ್ಕಿಹಾಕಿಕೊಂಡು, ಆಮೇಲೆ ತಟಕ್ಕನೆ ಮುಂದಕ್ಕೆ ನುಗ್ಗುತ್ತೆ. ಕಣ್ಣೊಳಗೆ ಹಾಗೆ ನುಗ್ಗಿದರೆ ಮುಗೀತಲ್ಲ!

ಬಿರುಕು ಹಿಡಿಯೋದಕ್ಕೆ ಮೀಟರು ಇದೆ. ಇವರಿಗೆ ಅದನ್ನು ಕಂಡರೆ ತಾತ್ಸಾರ. ಜೇಬಿನಿಂದ ಒಂದು ಮರದ ಕಡ್ಡಿ ತೆಗೆದು, ಒಂದು ತುದಿ ಮೋಟಾರಿಗೆ ಆನಿಸಿ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕೇಳುತ್ತಾರೆ. ಬಿರುಕಿದ್ದರೆ ಸೊಳ್ಳೆಗಿಂತ ಸಣ್ಣ ಕೀರಲು ದನಿ ಬರುತ್ತೆ. ಸರಿಯಿದೆ ಅಂತ ಇವರು ತಲೆಯಾಡಿಸಿದರೆ ಸಾಕು, ಮೀಟರನ್ನು ಯಾರೂ ಹೊರಗೇ ತೆಗೆಯೋದಿಲ್ಲ. ಅಷ್ಟು ನಂಬಿಕೆ, ಸುಡುಗಾಡು ನಂಬಿಕೆ.

ಹೋದ ಚಳಿಗಾಲ ನನಗೆ ಜ್ವರ ಬಂತು. ಇವರೇ ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು ಪಕ್ಕದಲ್ಲಿ ಕೂತರು. ಅದು ಸಣ್ಣ ಕೀರಲು ದನಿಯಲ್ಲಿ ಕೂಗಿತು, ಮತ್ತೂ ಕೂಗಿತು. ಮಹಾಶಯರು ಅಲ್ಲಾಡಲಿಲ್ಲ.

"ರೀ, ಕಿವಿ ಎಲ್ಲಿ ಅಡ ಇಟ್ಟು ಬಂದ್ರಿ?" ಅಂದೆ.

"ಸೆಲ್ ಹೋಗಿರ್ಬೇಕು ಕಣೇ, ಕೂಗೇ ಇಲ್ವಲ್ಲ."

ನಗು ಬಂತು. ಮರುಕ್ಷಣವೇ ಕಾರ್ಖಾನೆಯ ಆ ಮರದ ಕಡ್ಡಿ ನೆನಪಾಯಿತು. ಕಿವಿ ತೋರಿಸಿಕೊಳ್ಳಿ ಅಂದಿದ್ದಕ್ಕೆ ವಾರವೆಲ್ಲ ಮುಖ ಊದಿಸಿಕೊಂಡು ಓಡಾಡಿದರು.

ಈ ವರ್ಷ ನನ್ನ ಬಲಗಣ್ಣಿನ ಒಳಪರದೆ ಕಿತ್ತುಕೊಳ್ಳತೊಡಗಿತು. ಎಡಗಣ್ಣು ಚಿಕ್ಕಂದಿನಿಂದಲೇ ಮಬ್ಬು. ಇರೋದು ಇದೊಂದೇ, ಅದಕ್ಕೆ ಆಪರೇಶನ್ ಆಗಲೇಬೇಕು ಅಂದರು ಡಾಕ್ಟರು.

"ಹೆದರ್ಬೇಡ, ಆ ಯಂತ್ರದಲ್ಲಿರೋದು ನಾನೇ ಕೇಳಿ ಕಳಿಸಿದ ಮೋಟಾರು," ಅಂದರು ಇವರು.

"ಅದಕ್ಕೇ ಹೆದರಿಕೆ," ಅಂದೆ. ಇವರು ನಗಲಿಲ್ಲ.

ಆಪರೇಶನ್ ಕೋಣೆಯಲ್ಲಿ ತಲೆಯನ್ನು ಪಟ್ಟಿಯಿಂದ ಬಿಗಿದರು. ಕಣ್ಣಿಗೆ ಮರಗಟ್ಟುವ ಮದ್ದು ಕೊಟ್ಟರು. ಯಂತ್ರ ಇವರದೇ ಅಂತ ಇವರನ್ನೂ ಒಳಗೆ ಬಿಟ್ಟಿದ್ದರು, ನನ್ನ ಕೈ ಹಿಡಿದು ನಿಂತಿದ್ದರು. ಯಂತ್ರ ಹಾಕಿದ ತಕ್ಷಣ ಕೀರಲು ದನಿ ಶುರುವಾಯಿತು, ಸಣ್ಣಗೆ, ಹಲ್ಲು ಜುಂ ಅನ್ನಿಸುವ ಹಾಗೆ.

"ರೀ, ಕೀರಲು ದನಿ ಬರ್ತಿದೆ."

"ಏನೂ ಇಲ್ಲ. ಅಲ್ಲಾಡ್ಬೇಡ."

"ಬರ್ತಿದೆ ಅಂತಿದೀನಲ್ರೀ!"

ಡಾಕ್ಟರು ಇವರಿಗಿಂತ ಹಿರಿಯರು, ಆ ವಯಸ್ಸಿನ ಕಿವಿಗೂ ಸಣ್ಣ ದನಿ ಅಷ್ಟಕ್ಕಷ್ಟೇ. "ನನಗೂ ಏನೂ ಕೇಳಿಸ್ತಿಲ್ಲಮ್ಮಾ. ಹೆದರಿಕೆಗೆ ಹಾಗನ್ಸುತ್ತೆ," ಅಂದರು.

ಬೆಳಕಿನ ನಡುವೆ ಸೂಜಿಯ ನೆರಳು ಬೆಳೆಯುತ್ತಾ ಬಂತು. ಕಣ್ಣು ಮುಚ್ಚೋಣ ಅಂದರೆ ರೆಪ್ಪೆಗೂ ಕ್ಲಿಪ್ಪು. ಇದ್ದ ಉಸಿರೆಲ್ಲ ಹಾಕಿ ಕಿರುಚಿದೆ, "ರೀ, ಥರ್ಮಾಮೀಟರ್ ನೆನಪಿಸ್ಕೊಳ್ರೀ!"

ಇವರು ನನ್ನ ಕೈ ಬಿಟ್ಟರು. "ಡಾಕ್ಟ್ರೇ, ಸೂಜಿ ಹಿಂದಕ್ಕೆ ತಗೊಳ್ಳಿ," ಅಂದರು. ಇವರಿಗೆ ಅಂಥ ದನಿ ಇದೆ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಕಾರ್ಖಾನೆಯಿಂದ ಮೀಟರು ತರಿಸಿದರು. ಮೂಲೆಗೆ ಬಿದ್ದಿದ್ದ ಅದು ಒಂದೇ ಏಟಿಗೆ ಬಿರುಕು ತೋರಿಸಿತು. ಇವರು ಕಡ್ಡಿ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಸಿದು ಕೂತರು. ಬೈಯಬೇಕು ಅಂತಿದ್ದೆ, ಆ ಮುಖ ನೋಡಿ ಬೈಗುಳ ನುಂಗಿಕೊಂಡೆ. ಆದರೂ ಕೇಳದೆ ಇರೋದು ಹೇಗೆ?

"ರೀ, ನಂಗೆ ಜ್ವರ ಬಂದಿದ್ದು ಹೋದ ಚಳಿಗಾಲ. ಅಲ್ಲಿಂದೀಚೆಗೆ ನೀವು ತಲೆಯಾಡಿಸಿದ ಮೋಟಾರೆಲ್ಲ ಎಲ್ಲಿವೆ?"

ಇವರು ಫೋನು ತೆಗೆದು ಮೋಟಾರು ಕಳಿಸಿದ್ದ ಇನ್ನೊಂದು ಆಸ್ಪತ್ರೆಗೆ ಹಚ್ಚಿದರು. ಆ ಕಡೆ ಒಬ್ಬ ಹುಡುಗಿ ಎತ್ತಿಕೊಂಡಳು.

"ಆಮೇಲೆ ಮಾಡಿ ಸಾರ್. ಡಾಕ್ಟರು ಆಪರೇಶನ್ನಲ್ಲಿದ್ದಾರೆ," ಅಂತ ಹೇಳಿ ಇಟ್ಟುಬಿಟ್ಟಳು.